ಹೆಜ್ಜೆಯ ಲೆಕ್ಕ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದ ಪಾಪಕ್ರಿಯೆಗಳಿಂದ ದೂರ ಇರುವುದೇ ಅದರ ತಾತ್ಪರ್ಯ. ಅದರಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು, ವ್ಯರ್ಥವಾಗಿ ನೆಲವನ್ನು ಅಗೆಯುವುದು, ಬೆಂಕಿ ಹೊತ್ತಿಸುವುದು, ಗಿಡಗಳನ್ನು ಕಡಿಯುವುದು ಮೊದಲಾದವುಗಳ ಸಾಲಿನಲ್ಲಿಯೇ ಸುಮ್ಮನೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ.

ಹಾಸನ ಜಿಲ್ಲೆಯ ಒಂದು ಪಟ್ಟಣದ ಬಸದಿಯಲ್ಲಿ ಸೇರಿದ್ದ ಸಭೆಯಲ್ಲಿ ಈ ಮಾತನ್ನು ಎತ್ತಿದವರು ಅಲ್ಲಿನ ಹಿರಿಯ ಪುರೋಹಿತರು. ಸಮಾಜದ ತರುಣರು ಅಂದು ಒಂದು ಯೋಜನೆಯನ್ನು ಮುಂದಿಟ್ಟಿದ್ದರು. ನೂರು ದಿನಗಳ ಕಾಲ ಪ್ರತಿಯೊಬ್ಬರೂ ದಿನಕ್ಕೆ 10,000 ಹೆಜ್ಜೆ ನಡೆಯಬೇಕು. ಬೆಳಿಗ್ಗೆ ಬಸದಿಯಿಂದ ಕೆರೆಯ ಏರಿಯವರೆಗೆ ಸಾಮೂಹಿಕ ನಡಿಗೆ. ವಾರಕ್ಕೆ ಮೂರು ದಿನ ಸಮುದಾಯ ಭವನದಲ್ಲಿ ವ್ಯಾಯಾಮ ತರಗತಿ. ಕೊನೆಯ ದಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯನ್ನು ಹತ್ತುವುದು. "ತಿರುಗುವುದೂ ಆಯಿತು, ತಿರುಗಿಸುವುದೂ ಆಯಿತು" ಎಂದು ಪುರೋಹಿತರು ನಕ್ಕರು. ನಗುತ್ತಲೇ ಕೇಳಿದರೂ ಪ್ರಶ್ನೆ ಹಗುರವಾದುದಲ್ಲ.

ಉತ್ತರ ಕೊಟ್ಟವರು ಅರವತ್ತಾರು ವರ್ಷದ ಜವಳಿ ವ್ಯಾಪಾರಿಯೊಬ್ಬರು. ಅವರಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಗದ್ದಿಗೆಯ ಮೇಲೆ ಕುಳಿತೇ ಆಯುಷ್ಯ ಕಳೆದವರು. ಮಂಡಿ ಮಡಿಸಲಾಗದೆ ಸಾಮಾಯಿಕವನ್ನು ಕುರ್ಚಿಯ ಮೇಲೆ ಮಾಡುವವನಿಗೆ ನಡಿಗೆ ನಿಷ್ಪ್ರಯೋಜನವೆಂದು ಹೇಗೆ ಹೇಳುವುದು, ಪ್ರಯೋಜನವಿದ್ದ ಮೇಲೆ ಅನರ್ಥವೆಲ್ಲಿ, ಎಂದರು. ಸಭೆ ಒಪ್ಪಿತು. ಲೆಕ್ಕದ ಪುಸ್ತಕವನ್ನು ಅವರಿಗೇ ವಹಿಸಿತು.

ಹತ್ತು ಸಾವಿರ ಎಂಬ ಸಂಖ್ಯೆ ಯಾವ ಆಗಮದ್ದೂ ಅಲ್ಲ, ಮೂಲದಲ್ಲಿ ವೈದ್ಯಶಾಸ್ತ್ರದ್ದೂ ಅಲ್ಲ. 1965ರಲ್ಲಿ ಜಪಾನಿನ ಒಂದು ಕಂಪೆನಿ ಹೆಜ್ಜೆ ಎಣಿಸುವ ಪುಟ್ಟ ಯಂತ್ರವೊಂದನ್ನು ಮಾರಾಟಕ್ಕೆ ತಂದಿತು. ಅದಕ್ಕಿಟ್ಟ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆಗಳ ಮಾಪಕ'. ವ್ಯಾಪಾರದ ಹೆಸರು ಲೋಕದ ನಿಯಮವಾಯಿತು. 2019ರಲ್ಲಿ ಅಮೆರಿಕದ ವೃದ್ಧ ಸ್ತ್ರೀಯರನ್ನು ಕುರಿತು ಪ್ರಕಟವಾದ ಅಧ್ಯಯನವೊಂದು, ದಿನಕ್ಕೆ ಸುಮಾರು 7,500 ಹೆಜ್ಜೆಗಳವರೆಗೆ ಮರಣದ ಪ್ರಮಾಣ ಇಳಿಯುತ್ತದೆ, ಅದರಾಚೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ ಎಂದು ತಿಳಿಸಿತು. ಆದರೆ ಸಮಾಜದ ಫಲಕದ ಮೇಲೆ ಬರೆದದ್ದು 10,000 ಎಂದೇ.

ಮೊದಲ ತೊಡಕು ಮಳೆಗಾಲದಲ್ಲಿ ಬಂದಿತು. ಅಂಗಡಿ, ಕಚೇರಿಗಳ ವೇಳೆಗೆ ಸರಿಹೋಗಲೆಂದು ನಡಿಗೆ ಐದು ಗಂಟೆಗೆ, ಇನ್ನೂ ಕತ್ತಲಿರುವಾಗಲೇ ಆರಂಭವಾಗುತ್ತಿತ್ತು. ಆಷಾಢದ ಒಂದು ಬೆಳಿಗ್ಗೆ ಹಿಂದಿರುಗಿ ಬರುವಾಗ ಬೆಳಕಾಯಿತು. ಏರಿಯ ಹಾದಿಯುದ್ದಕ್ಕೂ ತುಳಿತಕ್ಕೆ ಸಿಕ್ಕಿದ ಬಸವನಹುಳುಗಳು, ಎರೆಹುಳುಗಳು. ನಲವತ್ತು ಜನರ ಎಂಬತ್ತು ಪಾದಗಳು ಹೋದ ದಾರಿ ಅದು. ಯಾರೂ ಮಾತನಾಡಲಿಲ್ಲ. ಮುನಿಗಳಿಗೆ ವಿಧಿಸಿದ ಈರ್ಯಾಸಮಿತಿಯಲ್ಲಿ ಹಗಲಿನ ಬೆಳಕಿನಲ್ಲಿ, ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತಾ ನಡೆಯಬೇಕೆಂದಿದೆ. ಗೃಹಸ್ಥನಿಗೆ ಅಷ್ಟು ಸಾಧ್ಯವಿಲ್ಲ, ನಿಜ. ಆದರೆ ಆರೋಗ್ಯಕ್ಕಾಗಿ ನಡೆಯುವವನಿಗೆ ಸೂರ್ಯೋದಯದವರೆಗೆ ಕಾಯಲಾಗದಷ್ಟು ಅವಸರ ಎಲ್ಲಿಂದ ಬರಬೇಕು? ಮರುದಿನದಿಂದ ನಡಿಗೆ ಬೆಳಕು ಹರಿದ ಮೇಲೆ, ಟಾರು ರಸ್ತೆಯಲ್ಲಿ. ಹತ್ತು ಜನ ಬರುವುದನ್ನು ನಿಲ್ಲಿಸಿದರು.

ವ್ಯಾಯಾಮ ತರಗತಿಯ ಕಥೆ ಬೇರೆ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವವರಿಗೆ ಅಡ್ಡಿಯಾಗದಂತೆ ಅದನ್ನು ಸಂಜೆ ನಾಲ್ಕಕ್ಕೆ ಇಟ್ಟಿದ್ದರು. ಕಲಿಸುತ್ತಿದ್ದವರು ನಿವೃತ್ತ ದೈಹಿಕ ಶಿಕ್ಷಕರು. ಬರುತ್ತಿದ್ದವರಲ್ಲಿ ಹೆಚ್ಚಿನವರು ಹಿರಿಯ ಹೆಂಗಸರು. ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಕೈಯಾನಿಸಿ ಹಿಮ್ಮಡಿ ಎತ್ತುವುದು, ಒಂದು ಕಾಲಿನ ಮೇಲೆ ನಿಲ್ಲುವುದು, ಇಷ್ಟೇ ಅಭ್ಯಾಸ. ಅರವತ್ತೈದು ದಾಟಿದವರು ಬೀಳದಂತಿರಲು ವಾರಕ್ಕೆ ಮೂರು ದಿನವಾದರೂ ಸಮತೋಲನದ ಹಾಗೂ ಬಲವರ್ಧನೆಯ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಲ್ಲಿದ್ದ ಎಪ್ಪತ್ತೆರಡರ ಅಜ್ಜಿಯೊಬ್ಬರಿಗೆ ಆ ಸಂಸ್ಥೆಯ ಗೊಡವೆ ಇರಲಿಲ್ಲ. ಕಾಯೋತ್ಸರ್ಗದಲ್ಲಿ ಇಪ್ಪತ್ತೇಳು ಉಸಿರಿನ ಕಾಲ, ಅಂದರೆ ಒಂಬತ್ತು ಬಾರಿ ಣಮೋಕಾರ ಮಂತ್ರ ಮುಗಿಯುವವರೆಗೆ, ಬಸದಿಯ ಕಂಬವನ್ನು ಹಿಡಿಯದೆ ನಿಲ್ಲಬೇಕು ಎಂಬುದೊಂದೇ ಅವರ ಪಣ. ಮೊದಲ ವಾರ ಮೂರನೆಯ ಮಂತ್ರಕ್ಕೇ ಕೈ ಕಂಬವನ್ನು ಹುಡುಕುತ್ತಿತ್ತು. ಅವರ ಹೆಸರು ಫಲಕದಲ್ಲಿ ಎಂದೂ ಮೇಲಿರಲಿಲ್ಲ.

ಫಲಕದಲ್ಲಿ ಮೇಲಿದ್ದ ಹೆಸರು ಜವಳಿ ವ್ಯಾಪಾರಿಗಳದು. ಐವತ್ತೆಂಟನೆಯ ದಿನ ಚತುರ್ದಶಿ. ಅವರಿಗೆ ಏಕಾಶನ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಉಪವಾಸದ ದಿನ ಎಂದಿನಂತೆ ನಡೆದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅದನ್ನು ಬಲ್ಲವರಾದ್ದರಿಂದ ಅರ್ಧದಲ್ಲೇ ಮನೆಗೆ ಬಂದರು. ಅಷ್ಟು ಸರಿ. ರಾತ್ರಿ ಮೊಬೈಲ್ 6,200 ತೋರಿಸುತ್ತಿತ್ತು. ಅವರು ಮಂಚದ ಮೇಲೆ ಕುಳಿತು, ಅದನ್ನು ಕೈಯಲ್ಲಿ ಹಿಡಿದು, ತೊಟ್ಟಿಲು ತೂಗುವಂತೆ ತೂಗಿದರು. ಯಂತ್ರಕ್ಕೆ ಕಾಲೂ ಕೈಯೂ ಒಂದೇ. ಹತ್ತು ಸಾವಿರ ದಾಟಿತು. ಪುಸ್ತಕದಲ್ಲಿ 10,040 ಎಂದು ಬರೆದು ಮಲಗಿದರು.

ಮರುದಿನ ಅಂಗಡಿಯಲ್ಲಿ ಕೆಲಸದ ಹುಡುಗ ಲಂಗದ ಬಟ್ಟೆ ಅಳೆಯುತ್ತಿದ್ದ. ಮೀಟರ್ ಕೋಲಿನ ತುದಿಯಲ್ಲಿ ಅವನ ಹೆಬ್ಬೆರಳು ಪ್ರತಿ ಸಲವೂ ಒಂದಿಷ್ಟು ಹಿಂದಕ್ಕೆ ಜಾರುತ್ತಿತ್ತು. ಗಿರಾಕಿ ಹೋದ ಮೇಲೆ ಯಜಮಾನರು ಅವನನ್ನು ಕರೆದರು. ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು ಅಚೌರ್ಯಾಣುವ್ರತದ ಅತಿಚಾರವೆಂಬ ಉಮಾಸ್ವಾಮಿಗಳ ಮಾತು ಆ ಅಂಗಡಿಗೆ ಹೊಸದಲ್ಲ. ನಲವತ್ತು ವರ್ಷಗಳಲ್ಲಿ ಎಷ್ಟು ಹುಡುಗರಿಗೆ ಅದನ್ನು ಹೇಳಿದ್ದರೋ. ಅಂದು "ನೋಡು" ಎಂದು ಆರಂಭಿಸಿ ನಿಲ್ಲಿಸಿಬಿಟ್ಟರು. "ಏನು ಯಜಮಾನ್ರೇ?" ಎಂದು ಅವನು ನಿಂತೇ ಇದ್ದ. "ಕೋಲನ್ನು ಸರಿಯಾಗಿ ಹಿಡಿ" ಎಂದಷ್ಟೇ ಹೇಳಿ ಕಳಿಸಿದರು.

ಒಂದು ವಾರ ಸುಮ್ಮನಿದ್ದರು. ಹೆಜ್ಜೆಯ ಸುಳ್ಳಿನಿಂದ ಯಾರ ಗಂಟೂ ಹೋಗುವುದಿಲ್ಲ ಎಂಬ ಸಮಾಧಾನವನ್ನು ಮನಸ್ಸು ಹೇಳದಿರಲಿಲ್ಲ. ಆದರೆ ರತ್ನಕರಂಡಕವು ಎಣಿಸುವ ಎಂಟು ಮದಗಳಲ್ಲಿ ಬಲದ ಮದ, ಶರೀರದ ಮದ, ತಪಸ್ಸಿನ ಮದ ಎಂಬ ಮೂರು ಬೇರೆ ಬೇರೆಯಾಗಿಯೇ ಇವೆ. ಫಲಕದ ಮುಂದೆ ನಿಂತವನಿಗೆ ಮೂರೂ ಒಟ್ಟಿಗೆ ಬರಬಹುದು. ಮುಂದಿನ ಸಭೆಯಲ್ಲಿ ಅವರು ಎದ್ದು, ಐವತ್ತೆಂಟನೆಯ ದಿನದ ತಮ್ಮ ಲೆಕ್ಕ ಸುಳ್ಳು, ಅದನ್ನು ಹೊಡೆದುಹಾಕಿದ್ದೇನೆ ಎಂದರು. ಕೆಲವರು ನಕ್ಕರು. ಇಬ್ಬರು ತಲೆ ತಗ್ಗಿಸಿದರು. ಅವರ ಮೊಬೈಲುಗಳೂ ತೊಟ್ಟಿಲು ತೂಗಿದ್ದವು.

ಫಲಕ ಇಳಿಯಿತು. ಪುರೋಹಿತರ ಸಲಹೆಯಂತೆ, ದೇಶಾವಕಾಶಿಕ ವ್ರತದಲ್ಲಿ ದಿನದಿನಕ್ಕೆ ಕ್ಷೇತ್ರದ ಮಿತಿ ಹಾಕಿಕೊಳ್ಳುವ ಹಾಗೆ, ಬೆಳಿಗ್ಗೆ ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕ ದೂರವನ್ನು ಮನಸ್ಸಿನಲ್ಲಿ ನಿಶ್ಚಯಿಸಿ ಅಷ್ಟನ್ನೇ ನಡೆಯುವುದೆಂದಾಯಿತು. ಪೈಪೋಟಿ ಇಲ್ಲದಿದ್ದರೆ ಯಾರೂ ಬರುವುದಿಲ್ಲವೆಂದು ತರುಣರು ಎಚ್ಚರಿಸಿದ್ದರು. ಅವರ ಮಾತು ಸುಳ್ಳಾಗಲಿಲ್ಲ. ಕೊನೆಗೆ ಉಳಿದವರು ಹದಿನಾಲ್ಕು ಜನ.

ಆ ಹದಿನಾಲ್ವರು ನೂರನೆಯ ದಿನ ವಿಂಧ್ಯಗಿರಿಯ ಬುಡದಲ್ಲಿ ಚಪ್ಪಲಿ ಬಿಟ್ಟು ನಿಂತರು. ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು, ಬರಿಗಾಲು. ಇಬ್ಬರು ಡೋಲಿಯಲ್ಲಿ ಬಂದರು. ಹೃದ್ರೋಗಿಗಳಿಗೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಒದೆಗಲ್ ಬಸದಿಯ ಬಳಿ ಒಮ್ಮೆ, ಅಖಂಡ ಬಾಗಿಲಿನಲ್ಲಿ ಒಮ್ಮೆ ಕುಳಿತು ವ್ಯಾಪಾರಿಗಳು ಮೇಲೆ ತಲುಪುವಷ್ಟರಲ್ಲಿ ಅಜ್ಜಿ ಆಗಲೇ ಬಾಹುಬಲಿ ಸ್ವಾಮಿಯ ಪಾದಗಳೆದುರು ನಿಂತಿದ್ದರು. ಕೈಗಳು ಇಳಿಬಿದ್ದಿದ್ದವು, ತುಟಿ ಮಾತ್ರ ಅಲುಗುತ್ತಿತ್ತು. ಒಂಬತ್ತೂ ಮುಗಿಯುವವರೆಗೆ ಯಾರೂ ಅವರನ್ನು ಮಾತನಾಡಿಸಲಿಲ್ಲ.

ಇಳಿಯುವಾಗ ಎಲ್ಲರ ಮಂಡಿಗಳೂ ನಡುಗಿದವು. ಕಂಬಿಯನ್ನು ಎರಡು ಕೈಯಿಂದಲೂ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು ಇಳಿಯುತ್ತಿದ್ದ ಅಜ್ಜಿ ಶಿಕ್ಷಕರ ಕಡೆ ತಿರುಗಿ, "ಹತ್ತೋದು ಕಲಿಸಿದ್ರಿ ಮೇಷ್ಟ್ರೇ, ಇಳಿಯೋದು ಕಲಿಸಲೇ ಇಲ್ಲ" ಎಂದರು. ಮುಂದಿನ ವಾರದಿಂದ ಸಮುದಾಯ ಭವನದ ವೇದಿಕೆಯ ಮೂರು ಮೆಟ್ಟಿಲುಗಳ ಮೇಲೆ ಇಳಿಯುವ ಅಭ್ಯಾಸ ಆರಂಭವಾಯಿತು.