ಉಬ್ಬಿದ ಹಿಟ್ಟು, ಕಾಣದ ಮಗ್ಗ

ನಂಜನಗೂಡಿನಲ್ಲಿ ಕಪಿಲೆಗೆ ಹತ್ತಿರದ ಬೀದಿಯ ನಿವೃತ್ತ ಜೀವಶಾಸ್ತ್ರ ಮೇಷ್ಟ್ರೊಬ್ಬರಿಗೆ ವಾರಕ್ಕೊಮ್ಮೆ ಬ್ರೆಡ್ ಮಾಡುವ ಹುಚ್ಚು. ಉಗುರುಬೆಚ್ಚನೆ ನೀರಿಗೆ ಒಂದು ಚಮಚ ಸಕ್ಕರೆ, ಮೇಲೆ ಈಸ್ಟ್ ಕಾಳು. ನೊರೆಯೆದ್ದಿತೋ, ಮೊದಲ ಹನಿ ಗಾಜಿನ ಪಟ್ಟಿಯ ಮೇಲೆ, ಮೇಷ್ಟ್ರ ಕಣ್ಣು ಸೂಕ್ಷ್ಮದರ್ಶಕಕ್ಕೆ. ಮೈದಾ ಆಮೇಲೆ.

"ರೀ, ಹಿಟ್ಟು ಕಲಸೋದು ಇವತ್ತೋ ನಾಳೆಯೋ?"

ಕಾಣುವುದು ಸಬ್ಬಕ್ಕಿ ಚೆಲ್ಲಿದಂಥ ಕೋಶಗಳು. ಕೆಲವಕ್ಕೆ ಮಗ್ಗುಲಲ್ಲೊಂದು ಪುಟ್ಟ ಮೊಗ್ಗು. ಮೇಷ್ಟ್ರ ಮನಸ್ಸಿರುವುದು ಮಾತ್ರ ಆ ಮಸೂರಕ್ಕೆ ಎಂದೂ ಸಿಗದ ವಸ್ತುವಿನ ಮೇಲೆ: ಈಸ್ಟಿನ ಮೈಟೊಕಾಂಡ್ರಿಯದೊಳಗಿನ ರೈಬೊಸೋಮ್. ಪ್ರೋಟೀನು ನೇಯುವ ಈ ಮಗ್ಗದ ದೊಡ್ಡ ಭಾಗದ ವಿವರವಾದ ಚಿತ್ರ 2014ರಲ್ಲಿ, ಇಡಿಯ ಮಗ್ಗದ್ದು 2017ರಲ್ಲಿ ಹೊರಬಂತು. ಎರಡೂ ಕೇಂಬ್ರಿಜ್‌ನ ವೆಂಕಿ ರಾಮಕೃಷ್ಣನ್ ತಂಡದ ಕೆಲಸ.

ಮಗ್ಗದ ಎರಡು ಆರ್‌ಎನ್‌ಎ ಎಳೆಗಳು ಮೈಟೊಕಾಂಡ್ರಿಯದಲ್ಲೇ ಹುಟ್ಟುತ್ತವೆ. ಪ್ರೋಟೀನುಗಳು 70ಕ್ಕೂ ಹೆಚ್ಚು. ಅವುಗಳ ನಕ್ಷೆ ಇರುವುದು ದೂರದ ಕೋಶಕೇಂದ್ರದಲ್ಲಿ. ಹೊರಗೆ ತಯಾರಾಗಿ, ಎರಡು ಪೊರೆ ದಾಟಿ ಒಳಬರಬೇಕು. ಮೈಟೊಕಾಂಡ್ರಿಯಕ್ಕೆ ಪ್ರೋಟೀನು ನುಸುಳುವ ಈ ದಾರಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ಯಾಟ್ರಿಕ್ ಡಿಸಿಲ್ವ ಈಸ್ಟನ್ನೇ ಇಟ್ಟುಕೊಂಡು ಶೋಧಿಸಿದ್ದಾರೆ. ವಾರ್1 ಎಂಬ ಪ್ರೋಟೀನೊಂದು ಮಾತ್ರ ಮನೆಯಲ್ಲೇ ಹುಟ್ಟಿದ್ದು.

ಟಿ. ನರಸೀಪುರದ ಬಸ್ಸು ಹತ್ತಿದಾಗಲೆಲ್ಲ ಮೇಷ್ಟ್ರಿಗೆ ಎರಡು ಕಡೆಯವು ಬಂದು ಕೂಡುವ ಈ ಮಗ್ಗದ್ದೇ ಧ್ಯಾನ. ನಂಜನಗೂಡಿನ ಮುಂದೆ ಹರಿದ ಕಪಿಲೆ ಅಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಬೀಳದ ಸ್ಫಟಿಕ ಸರೋವರವೂ ಸೇರಿ ಜನಕ್ಕದು ತ್ರಿವೇಣಿ. ವಾರ್1ಗೆ ಸ್ಫಟಿಕ ಸರೋವರದ ಪಟ್ಟ ಕಟ್ಟುವುದು ಅತಿಯಾಯಿತು, ಆದರೂ ಮೇಷ್ಟ್ರು ಕಟ್ಟಿಬಿಟ್ಟಿದ್ದಾರೆ.

ಇಷ್ಟು ಜನ ಸೇರಿ ನೇಯುವುದಾದರೂ ಎಷ್ಟು? ಮುಖ್ಯವಾಗಿ ಎಂಟೇ ಪ್ರೋಟೀನು. ಒಂದು ವಾರ್1, ಉಳಿದ ಏಳು ಉಸಿರಾಟದ ಯಂತ್ರಕ್ಕೆ. ಮಗ್ಗದ ಮುಖ್ಯ ಪ್ರೋಟೀನೊಂದು ತಪ್ಪಿದರೆ ಈಸ್ಟಿಗೆ ಉಸಿರಾಟವಿಲ್ಲ. ಗ್ಲಿಸರಾಲನ್ನಷ್ಟೇ ಕೊಟ್ಟರೆ ಬೆಳೆಯದು. ಸಕ್ಕರೆ ಸಿಕ್ಕರೆ ಹುಳಿಹಿಡಿಸಿಕೊಂಡು ಬದುಕೀತು, ಆದರೆ ಸಣ್ಣ ಚುಕ್ಕೆಯಷ್ಟೇ ಬೆಳೆದೀತು. ಉಸಿರು ಕಳೆದುಕೊಂಡ ಇಂಥ ಕುಳ್ಳ ಈಸ್ಟನ್ನು 1949ರಲ್ಲಿ ಪ್ಯಾರಿಸ್ಸಿನ ಬೋರಿಸ್ ಎಫ್ರುಸ್ಸಿ ತಂಡ ವಿವರಿಸಿತು. ಹೆಸರು 'ಪೆಟಿಟ್', ಫ್ರೆಂಚಿನಲ್ಲಿ ಪುಟ್ಟದು.

ತಮಾಷೆಯೆಂದರೆ, ಗಾಳಿಯಾಡದ ಹಿಟ್ಟಿನೊಳಗೆ ಈ ಮಗ್ಗಕ್ಕೆ ಹೆಚ್ಚು ಕೆಲಸವೇ ಇಲ್ಲ. ಹಿಟ್ಟು ಉಬ್ಬುವುದು ಹುಳಿಹಿಡಿಯುವುದರಿಂದ. ಕಾಕಂಬಿಗೆ ಗಾಳಿ ಊದಿ ಈಸ್ಟ್ ಬೆಳೆಸುವ ಕಾರ್ಖಾನೆಯಲ್ಲಾದರೆ ಅದರ ದುಡಿಮೆ ಬೇಕೇಬೇಕು.

ನರಸೀಪುರದ ಅಕ್ಕನಿಗೆ ಇದೆಲ್ಲ ಹೇಳಿಯಾಗಿದೆ. ಕಾಫಿಗೆ ಅದ್ದಿದ ಬ್ರೆಡ್ಡಿನ ತುಂಡು ಬಾಯಿಗಿಟ್ಟು ಆಕೆ ಅಂದದ್ದು ಇಷ್ಟೆ:

"ಉಪ್ಪು ಕಮ್ಮಿ ಕಣೋ."