ಮುಳ್ಳು ಹೇಳಿದ ಸುಳ್ಳು

ನಿಮ್ಮ ಮನೆಯಲ್ಲಿ ಹಳೆಯ ಕಾರೋ ವ್ಯಾನೋ ಇದ್ದರೆ ಅದರ ಪೆಟ್ರೋಲ್ ಮುಳ್ಳನ್ನು ಎಷ್ಟು ನಂಬುತ್ತೀರಿ? ಅದೇನು ಗಂಡಸರ ವಿಷಯ ಎಂದು ಪುಟ ತಿರುವಬೇಡಿ. ಆ ಪುಟ್ಟ ಮುಳ್ಳು ಒಬ್ಬ ಬಡ ಹುಡುಗನ ಮಾನಕ್ಕೇ ಚುಚ್ಚಿಬಿಡಬಹುದು.

ನಮ್ಮದು ಕೊರಟಗೆರೆ. ನಮ್ಮ ಮನೆಯವರು ಹಳೆಯ ವ್ಯಾನಿನಲ್ಲಿ ಬಟ್ಟೆ ಹೇರಿಕೊಂಡು ಮಧುಗಿರಿ, ತೋವಿನಕೆರೆ, ಹೊಳವನಹಳ್ಳಿ ಎಂದು ಊರೂರು ಸುತ್ತುತ್ತಾರೆ. ವ್ಯಾನು ಓಡಿಸಲು ನೆರೆಮನೆಯ ವಿಧವೆಯೊಬ್ಬರ ಮಗನನ್ನು ಇಟ್ಟುಕೊಂಡಿದ್ದರು. ರಾತ್ರಿ ನಿಲ್ಲಿಸುವಾಗ ಅರ್ಧ ಟ್ಯಾಂಕ್ ತೋರಿಸುತ್ತಿದ್ದ ಮುಳ್ಳು ಬೆಳಿಗ್ಗೆ ಬೀಗ ತಿರುಗಿಸಿದರೆ ಖಾಲಿಯ ಗೆರೆಯ ಹತ್ತಿರ ಇರುತ್ತಿತ್ತು. ಎರಡು ಮೂರು ಸಲ ಹೀಗಾಯಿತು. "ಹುಡುಗ ಪೆಟ್ರೋಲ್ ಎಳೆದು ಮಾರುತ್ತಿದ್ದಾನೆ" ಎಂದು ಅತ್ತೆಯವರು ಹೇಳಿಯೇಬಿಟ್ಟರು. ಕೆಲಸ ಬಿಡಿಸುವ ಮಾತೂ ಬಂತು. ಚಿಕ್ಕ ಊರು ನೋಡಿ, ಕಳ್ಳ ಎಂಬ ಹೆಸರು ಹೊತ್ತು ಹೊರಬಿದ್ದವನನ್ನು ಇನ್ನಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ?

"ಒಂದು ತಿಂಗಳು ಲೆಕ್ಕ ನೋಡೋಣ" ಎಂದೆ. ಗುಟ್ಟಾಗಿ ಅಲ್ಲ, ಹುಡುಗನ ಎದುರಿಗೇ. ಟ್ಯಾಂಕ್ ಪೂರ್ತಿ ತುಂಬಿಸಿ ಕಿಲೋಮೀಟರ್ ಬರೆದುಕೊಂಡೆ. ಮತ್ತೆ ಪೂರ್ತಿ ತುಂಬಿಸಿದಾಗ 286 ಕಿಲೋಮೀಟರ್ ಓಡಿತ್ತು, ಹಿಡಿದ ಪೆಟ್ರೋಲ್ 22 ಲೀಟರ್. ಅಂದರೆ ಲೀಟರಿಗೆ 13. ಎರಡನೇ ಸಲ 312 ಕಿಲೋಮೀಟರಿಗೆ 24 ಲೀಟರ್. ಅದೂ 13. ನಮ್ಮ ಮನೆಯವರೇ ಓಡಿಸುತ್ತಿದ್ದಾಗಲೂ ಅಷ್ಟೇ ಸಿಗುತ್ತಿತ್ತು. ಈ ದಿನಗಳಲ್ಲೂ ಮುಳ್ಳು ಮೊದಲಿನಂತೆಯೇ ರಾತ್ರೋರಾತ್ರಿ ಇಳಿಯುತ್ತಿತ್ತು! ಸೋರಿಕೆ ಇರಬಹುದೇ ಎಂದು ವ್ಯಾನಿನ ಕೆಳಗೆ ರಟ್ಟು ಹಾಸಿಟ್ಟೆವು. ಕಲೆಯೂ ಇಲ್ಲ, ವಾಸನೆಯೂ ಇಲ್ಲ. ಇನ್ನೊಂದು ಸೂಚನೆ, ಖಾಲಿ ತೋರಿಸುತ್ತಿದ್ದ ಮುಳ್ಳು ಹಳ್ಳದಿಣ್ಣೆಯ ದಾರಿಯಲ್ಲಿ ಹತ್ತು ಕಿಲೋಮೀಟರ್ ಹೋದ ಮೇಲೆ ತಾನಾಗಿ ಏರುತ್ತಿತ್ತು. ಓಡಿದ ವಾಹನಕ್ಕೆ ಪೆಟ್ರೋಲ್ ಹೆಚ್ಚುವುದುಂಟೇ?

ಗ್ಯಾರೇಜಿನ ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ: "ಪೆಟ್ರೋಲ್ ಮುಳ್ಳು ಒಂದೇ ಕುಣಿಯುತ್ತಾ, ಟೆಂಪರೇಚರ್ ಮುಳ್ಳೂ ಕುಣಿಯುತ್ತಾ ಆಪಾ?" ಎರಡೂ ಕೆಟ್ಟಿದ್ದರೆ ಮೀಟರಿಗೆ ಬರುವ ಕರೆಂಟಿನಲ್ಲೇ ದೋಷ ಹುಡುಕಬೇಕಂತೆ. ನಮ್ಮಲ್ಲಿ ಒಂದೇ ಕೆಟ್ಟಿತ್ತು.

ಟ್ಯಾಂಕಿನೊಳಗೆ ತೇಲುವ ಒಂದು ಬುರುಡೆ ಇರುತ್ತದೆ. ಪೆಟ್ರೋಲ್ ಏರಿಳಿದಂತೆ ಅದೂ ಏರಿಳಿಯುತ್ತದೆ. ಅದರ ತೋಳಿನ ತುದಿ ಒಂದು ತಂತಿಪಟ್ಟಿಯ ಮೇಲೆ ಉಜ್ಜುತ್ತಾ ಸಾಗುತ್ತದೆ. ಅದು ಎಲ್ಲಿ ತಾಗಿದೆಯೋ ಅದಕ್ಕೆ ತಕ್ಕಂತೆ ಮೀಟರಿಗೆ ಹೋಗುವ ಕರೆಂಟ್ ಹೆಚ್ಚುಕಡಿಮೆಯಾಗುತ್ತದೆ. ಬುರುಡೆ ತೂತಾಗಿ ಮುಳುಗಿದರೆ ಟ್ಯಾಂಕ್ ತುಂಬಿದ್ದರೂ ಮುಳ್ಳು ಖಾಲಿ ಎನ್ನುತ್ತದೆ. ಅರ್ತ್ ವೈರು ತುಕ್ಕು ಹಿಡಿದರೆ ಮುಳ್ಳು ಹೊಯ್ದಾಡುತ್ತದೆ.

ಮೇಸ್ತ್ರಿ ಮೊದಲು ಅರ್ತ್ ವೈರನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿದರು. ಕುಣಿತ ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ಬೀಗ ಆಫ್ ಮಾಡಿ, ಟ್ಯಾಂಕಿನ ವೈರು ಬಿಡಿಸಿ, ಮಲ್ಟಿಮೀಟರ್ ಹಿಡಿದರು. ಓದು ನಿಲ್ಲದೆ ಹಾರುತ್ತಿತ್ತು. ಟ್ಯಾಂಕ್ ಯೂನಿಟ್ ಹೊರತೆಗೆದು ನೋಡಿದರೆ ಆ ಪಟ್ಟಿ ಅರ್ಧದಿಂದ ಕೆಳಗೆ ಸವೆದುಹೋಗಿತ್ತು. ನಮ್ಮಂಥವರು ದಿನಕ್ಕೆ ಇನ್ನೂರು ಮುನ್ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ ಓಡಿಸುವವರಲ್ಲವೇ? ವರ್ಷಗಟ್ಟಲೆ ತೋಳು ಆ ಜಾಗದಲ್ಲೇ ಉಜ್ಜಿ ಉಜ್ಜಿ ಸವೆಸಿತ್ತು. ರಾತ್ರಿ ತೋಳು ಆ ಸವೆದ ಜಾಗದಲ್ಲಿ ಬಂದು ನಿಂತರೆ ಸಂಪರ್ಕ ತಪ್ಪಿ ಮುಳ್ಳು ಖಾಲಿಗೆ ಇಳಿಯುತ್ತಿತ್ತು. ದಾರಿಯ ಕುಲುಕಾಟಕ್ಕೆ ತೋಳು ಜರುಗಿದರೆ ಮತ್ತೆ ಏರುತ್ತಿತ್ತು.

ಹೊಸ ಯೂನಿಟ್ ಹಾಕಿಸಿದೆವು. ಹುಡುಗ ಕೆಲಸದಲ್ಲೇ ಉಳಿದ. ಅತ್ತೆಯವರು ಅವನ ತಾಯಿಯ ಮನೆಗೆ ತಾವೇ ಹೋಗಿ ಮಾತಾಡಿಸಿ ಬಂದರು. ಯೂನಿಟ್ಟಿಗೆ ಕೊಟ್ಟ ದುಡ್ಡಿಗಿಂತ ಅದು ದೊಡ್ಡದು.

ಸಹೋದರಿಯರೇ, ಕೆಲವು ಮಾತು ನೆನಪಿಡಿ. ಏರುಪೇರಿನ ಜಾಗದಲ್ಲಿ ನಿಲ್ಲಿಸಿದಾಗ ಪೆಟ್ರೋಲ್ ಒಂದು ಬದಿಗೆ ಸರಿಯುತ್ತದೆ, ಆದ್ದರಿಂದ ಮುಳ್ಳನ್ನು ಸಮತಟ್ಟಿನಲ್ಲಿ ನೋಡಿ. ಟ್ಯಾಂಕ್ ಬಿಚ್ಚುವ ಕೆಲಸ ಬಯಲಿನಲ್ಲಿ, ಬಲ್ಲವರಿಂದಲೇ ಆಗಲಿ. ಬೀಡಿ, ಬೆಂಕಿ, ವೈರಿನ ಕಿಡಿ ಯಾವುದೂ ಹತ್ತಿರ ಬೇಡ. ಪಂಪಿನ ಅಳತೆಯ ಮೇಲೆ ಅನುಮಾನ ಬಂದರೆ ಜಗಳ ಬೇಡ, ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಲು ಕೇಳಿ, ಆ ಹಕ್ಕು ಗ್ರಾಹಕರಿಗಿದೆ. ಹಾಲಿನ ಲೆಕ್ಕ, ದಿನಸಿಯ ಲೆಕ್ಕ ಬರೆಯುವ ಪುಸ್ತಕದಲ್ಲೇ ಪೆಟ್ರೋಲಿಗೂ ಒಂದು ಪುಟ ಇರಲಿ. ಯಾರ ಮೇಲಾದರೂ ಬೆರಳು ತೋರಿಸುವ ಮುಂಚೆ ಆ ಪುಟವನ್ನೊಮ್ಮೆ ತೆರೆದು ನೋಡಿ.