ನೀರು ಕಟ್ಟಲು ಹೋದವಳು

ನನ್ನ ಚಿತ್ರಕಥೆಯ ನಾಯಕ ಬೆಂಗಳೂರಿನ ಕೆಲಸ ಬಿಟ್ಟು ಮಳವಳ್ಳಿ ಕಡೆಯ ತನ್ನೂರಿಗೆ ಮರಳಿದ ಹುಡುಗ. ಅಣ್ಣ ತೀರಿಕೊಂಡಿದ್ದಾನೆ, ಸಾಲವಿದೆ, ಇರುವ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿದೆ. ಮಾರುವುದೋ ಉಳುವುದೋ ಎಂದು ಅವನು ಯೋಚಿಸುತ್ತಾನೆ. ಬಹಳ ಯೋಚಿಸುತ್ತಾನೆ. ನನಗೆ ಹೊಳೆದ ಒಳ್ಳೆಯ ಮಾತುಗಳನ್ನೆಲ್ಲ ಅವನಿಗೇ ಕೊಟ್ಟಿದ್ದೆ.

ಮದ್ದೂರಿನ ಗೆಳೆಯನ ಮನೆ ಜಗಲಿಯಲ್ಲಿ ಕೂತು ಅದನ್ನು ಓದಿದೆ. ಗೆಳೆಯರು ತಲೆದೂಗಿದರು. ಅವರೆಕಾಯಿ ಸುಲಿಯುತ್ತಿದ್ದ ಆ ಮನೆಯ ಗೆಳೆಯನ ತಾಯಿ ಕೊನೆವರೆಗೂ ಕೇಳಿಸಿಕೊಂಡು, “ಅದಿರ್ಲಿ ಮಗ, ರಾತ್ರಿ ನೀರ್ ಕಟ್ಟಕ್ ಹೋದ್ಲಲ್ಲ ಅತ್ತಿಗೆ, ಅವ್ಳೇನಾದ್ಲು? ನೀರ್ ಬಂತಾ?” ಅಂದರು.

ಪುಟ ತಿರುವಿದೆ. ಉತ್ತರ ಇರಲಿಲ್ಲ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಬಿಟ್ಟ ರಾತ್ರಿ, ಮೇಲಿನ ಗದ್ದೆಯವರು ತಿರುಗಿಸಿಕೊಳ್ಳುವ ಮೊದಲೇ ಹಿಡಿಯಬೇಕೆಂದು ಟಾರ್ಚು, ಗುದ್ದಲಿ ತಗೊಂಡು ಹೋದವಳನ್ನು ಒಂದು ದೃಶ್ಯದಲ್ಲಿ ತೋರಿಸಿ, ಮುಂದಿನದರಲ್ಲಿ ಮೈದುನನಿಗೆ ಊಟ ಬಡಿಸಲು ನಿಲ್ಲಿಸಿದ್ದೆ. ಮುಖಕ್ಕೆ ಬಿಸಿ ಏರಿತು. ಗೆಳೆಯ ಮಾತು ಬದಲಿಸಲು ನೋಡಿದ. ಆ ತಾಯಿ ಮಾತ್ರ ನನ್ನನ್ನೇ ನೋಡುತ್ತಿದ್ದರು. ಅವರ ಪಾಲಿಗೆ ಕಥೆ ಆ ಗದ್ದೆಯ ಬದುವಿನಲ್ಲೇ ನಿಂತಿತ್ತು.

ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡು, ನಮ್ಮ ಜಿಲ್ಲೆಯದೇ ಆದ ನೊದೆಕೊಪ್ಪಲಿನಲ್ಲಿ ತೆಗೆದ ‘ತಿಥಿ’ ಚಿತ್ರವನ್ನು ಮತ್ತೆ ನೋಡಿದೆ. ಈರೇಗೌಡ ಮತ್ತು ರಾಮ್ ರೆಡ್ಡಿ ಬರೆದ ಈ ಚಿತ್ರಕ್ಕೆ 2015ರಲ್ಲಿ ಲೊಕಾರ್ನೊ ಉತ್ಸವದ ಪ್ರಶಸ್ತಿ ಬಂತು. ನೋಡಿದವರೆಲ್ಲ ಹೇಳುವುದು ಅದರಲ್ಲಿನ ಮುದುಕ ಗಡ್ಡಪ್ಪನ ವಿಷಯ. ನಾನೂ ಅವನನ್ನು ಬಹಳ ಪ್ರೀತಿಸುತ್ತೇನೆ. ಆದರೆ ಗಡ್ಡಪ್ಪನಿಗೆ ಏನೂ ಬೇಕಿಲ್ಲ. ಜಮೀನು ಮಾರಬೇಕು, ಬದುಕಿರುವ ಅಪ್ಪ ಸತ್ತನೆಂದು ಕಾಗದ ಮಾಡಿಸಬೇಕು, ಸಾಲ ತಂದು ತಾತನ ತಿಥಿಯೂಟ ಹಾಕಿಸಬೇಕು ಎಂದು ಓಡಾಡುವವನು ಅವನ ಮಗ ತಮ್ಮಣ್ಣ. ಅವನು ಸುಮ್ಮನೆ ಕೂತರೆ ಚಿತ್ರವೂ ಕೂರುತ್ತದೆ. ಗಡ್ಡಪ್ಪನ ನಿರ್ಲಿಪ್ತತೆ ಇಷ್ಟು ದೊಡ್ಡದಾಗಿ ಕಾಣುವುದೂ ಪಕ್ಕದಲ್ಲಿ ತಮ್ಮಣ್ಣನ ಧಾವಂತ ಇರುವುದರಿಂದಲೇ.

ನನ್ನ ಹುಡುಗ ಬೇಡವೆನಿಸಿದರೆ ಬೆಂಗಳೂರಿನ ಬಸ್ಸು ಹತ್ತಬಲ್ಲ. ಅತ್ತಿಗೆಗೆ ಆ ಬಸ್ಸಿಲ್ಲ. ಊರು ಬಿಟ್ಟು ಹೋದವನು ನಾನೇ ಆದ್ದರಿಂದ, ಊರು ಬಿಟ್ಟವನ ಸಂಕಟವೇ ಕಥೆ ಅಂದುಕೊಂಡಿದ್ದೆ. ಯಾರಾದರೂ ಅವನನ್ನು ಕ್ಷಮಿಸಲಿ ಎಂಬ ಆಸೆಯೂ ಇತ್ತು. ಅದನ್ನು ಒಪ್ಪಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಿತು.

ಈಗ ಮೊದಲಿಂದ ಬರೆಯುತ್ತಿದ್ದೇನೆ. ಗದ್ದೆಯ ಪಹಣಿ ಇನ್ನೂ ಅತ್ತಿಗೆಯ ಸತ್ತ ಮಾವನ ಹೆಸರಿನಲ್ಲೇ ಇದೆ. ಪೌತಿ ಖಾತೆ ಆಗದೆ ಅತ್ತಿಗೆಗೆ ಸೊಸೈಟಿ ಸಾಲ ಹುಟ್ಟುವುದಿಲ್ಲ, ಆ ಖಾತೆಗೆ ಮೈದುನನ ಸಹಿ ಬೇಕು. ಅವನನ್ನು ಊರಿಗೆ ಕರೆಸುವವಳು ಅವಳೇ.